ಮಡಚುವ ಜೇಬುಚಾಕು: ಅಳತೆ ಮತ್ತು ತೂಕ ಹೋಲಿಸುವ ಸಮಗ್ರ ಮಾರ್ಗದರ್ಶಿ

ಒಪಿನೆಲ್ 8ನೇ ನಂಬರು, ಬೆಂಚ್‌ಮೇಡ್ ಬಗೌಟ್ 535, ಸ್ಪೈಡರ್ಕೊ ಡೆಲಿಕಾ 4. ಈ ಮೂರು ಚಾಕುಗಳನ್ನು ಮಡಚಿ ಪಕ್ಕಪಕ್ಕ ಇಟ್ಟರೆ ಉದ್ದ ಹೆಚ್ಚೂಕಡಿಮೆ ಒಂದೇ: ಸುಮಾರು 110, 107, 108 ಮಿ.ಮೀ. ತೂಗಿ ನೋಡಿದರೆ 45, 52, 71 ಗ್ರಾಂ. ಇವುಗಳ ಪಕ್ಕಕ್ಕೆ ಬಕ್ 110 ತಂದಿಡಿ. ಒಪಿನೆಲ್‌ಗಿಂತ ಅದು ಒಂದೂವರೆ ಸೆಂಟಿಮೀಟರಿನಷ್ಟೂ ಉದ್ದವಿಲ್ಲ, ತೂಕ ಮಾತ್ರ 204 ಗ್ರಾಂ, ಅಂದರೆ ನಾಲ್ಕೂವರೆ ಪಟ್ಟು. ಹಲವು ಉಪಕರಣಗಳಿರುವ ಸ್ವಿಸ್ ಚಾಕುಗಳಾದ ವಿಕ್ಟೋರಿನಾಕ್ಸ್ ಸ್ಪಾರ್ಟನ್ ಮತ್ತು ಸ್ವಿಸ್ ಚಾಂಪ್ ಎರಡೂ 91 ಮಿ.ಮೀ. ಉದ್ದದ ಚಾಕುಗಳೇ. ಮೊದಲನೆಯದು ಸುಮಾರು 15 ಮಿ.ಮೀ. ದಪ್ಪ, 60 ಗ್ರಾಂ ಆಸುಪಾಸು. ಎರಡನೆಯದು 33 ಮಿ.ಮೀ. ದಪ್ಪ, 185 ಗ್ರಾಂ.

ಮಾರಾಟದ ಪುಟಗಳಲ್ಲಿ ಸಾಮಾನ್ಯವಾಗಿ ಮೂರೇ ಸಂಖ್ಯೆ ಕೊಡುತ್ತಾರೆ: ಅಲಗಿನ ಉದ್ದ, ಒಟ್ಟು ಉದ್ದ, ತೂಕ. ಚಾಕು ಜೇಬಿನಲ್ಲಿ ಹೇಗೆ ಕೂರುತ್ತದೆ, ಕೈಗೆ ಎಷ್ಟು ಸಿಗುತ್ತದೆ, ಎಷ್ಟು ಕೊಯ್ಯುತ್ತದೆ ಎನ್ನುವುದು ಈ ಮೂರರಿಂದ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಅಗಲ, ದಪ್ಪ, ಬಾಯಿಯ ಉದ್ದ, ತೂಕ ಹಂಚಿಕೆಯಾದ ಬಗೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲ ಚಾಕುಗಳನ್ನೂ ಒಂದೇ ಜಾಗದಿಂದ, ಒಂದೇ ಸ್ಥಿತಿಯಲ್ಲಿ ಅಳೆದಿರಬೇಕು. ಒಂದನ್ನು ಜೇಬಿನಂಚಿಗೆ ಸಿಕ್ಕಿಸುವ ಕ್ಲಿಪ್ ಸಮೇತ ಅಳೆದು ಇನ್ನೊಂದನ್ನು ಕ್ಲಿಪ್ ಬಿಚ್ಚಿ ಅಳೆದರೆ ಹೋಲಿಕೆಗೆ ಅರ್ಥವೇ ಇಲ್ಲ.

ಮೊದಲು ಭಾಗಗಳ ಹೆಸರು

ಇಡೀ ಉಕ್ಕಿನ ತುಂಡು ಅಲಗು. ಅದರಲ್ಲಿ ಸಾಣೆ ಹಿಡಿದು ಹರಿತ ಮಾಡಿದ ಗೆರೆ ಬಾಯಿ. ಬಾಯಿಯ ಎದುರಿನ ದಪ್ಪ ಅಂಚು ಬೆನ್ನು, ತುದಿ ಮೊನೆ. ಅಲಗು ತಿರುಗುವ ಜಾಗ ಕೀಲು. ಹಿಡಿಯ ಎರಡು ಬದಿಗೆ ಕೂರಿಸಿದವು ಹಿಡಿಯ ಪಟ್ಟಿಗಳು, ಅವುಗಳ ಒಳಗಡೆ ಇರುವ ತೆಳು ಲೋಹದ ತಗಡು ಲೈನರ್. ಎಲ್ಲ ಚಾಕುಗಳಿಗೂ ಲೈನರ್ ಇರುವುದಿಲ್ಲ. ತೂಕದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಅಲ್ಲೇ ಅಡಗಿರುತ್ತದೆ.

ಬೇಕಾಗುವ ಸಾಮಾನು

0ಯಿಂದ 150 ಮಿ.ಮೀ.ವರೆಗೆ ಅಳೆಯುವ ವರ್ನಿಯರ್ ಕ್ಯಾಲಿಪರ್ ಒಂದು. ಡಿಜಿಟಲ್ ಆದರೆ ಓದುವುದು ಸುಲಭ, ಸಾದಾ ಆದರೂ ನಡೆಯುತ್ತದೆ. ಪ್ಲಾಸ್ಟಿಕ್ಕಿನದು ಜಜ್ಜಿ ಹೋದ ಚಾಕುಗಳಿಗೆ ಸಾಕು, ಹೊಳಪಿನ ಹಿಡಿ ಗೀಚುವುದೂ ಇಲ್ಲ. ಜೊತೆಗೆ 30 ಸೆಂ.ಮೀ. ಉಕ್ಕಿನ ಸ್ಕೇಲ್. ಮಕ್ಕಳ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಯ ಗೆರೆ ಅಂಚಿನಿಂದ ಕೆಲವು ಮಿಲಿಮೀಟರ್ ಒಳಗಿರುತ್ತದೆ. ಅಂಚನ್ನೇ ಸೊನ್ನೆ ಎಂದುಕೊಂಡು ಅಳೆಯುವುದು ಬಹಳ ಸಲ ಆಗುವ ತಪ್ಪು.

ತೂಕಕ್ಕೆ 1 ಗ್ರಾಂ ಹೆಜ್ಜೆಯ ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ ಸಾಕು. 60 ಗ್ರಾಂ ಒಳಗಿನ ಚಾಕುಗಳನ್ನೇ ಹೋಲಿಸುವುದಾದರೆ 0.1 ಗ್ರಾಂ ತೋರಿಸುವ ಪುಟ್ಟ ಯಂತ್ರ ಒಳ್ಳೆಯದು. 22 ಗ್ರಾಂ ಆಸುಪಾಸಿನ ವಿಕ್ಟೋರಿನಾಕ್ಸ್ ಕ್ಲಾಸಿಕ್‌ನಂಥ 58 ಮಿ.ಮೀ. ಚಾಕುವಿನಲ್ಲಿ ಒಂದು ಗ್ರಾಂ ಎಂದರೆ ಸುಮಾರು ಶೇ. 5. ಮೊನೆಗೆ ಸುತ್ತಲು ಬಣ್ಣದವರು ಬಳಸುವ ಪೇಪರ್ ಟೇಪ್, ಒಂದು ನೋಟ್‌ಬುಕ್, ಪೆನ್ಸಿಲ್, ರಟ್ಟಿನ ತುಂಡು ಮತ್ತು ಒಂದಷ್ಟು 10 ರೂಪಾಯಿ ನಾಣ್ಯ. ನಾಣ್ಯ ಯಾಕೆಂದು ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 1: ಯಂತ್ರಗಳನ್ನು ಪರೀಕ್ಷಿಸಿ

ಎರಡು ಲೋಹಗಳ 10 ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ., ತೂಕ 7.71 ಗ್ರಾಂ. 2019ರಿಂದೀಚೆಗಿನ ನಾಣ್ಯ 7.74 ಗ್ರಾಂ, ನಮ್ಮ ಕೆಲಸಕ್ಕೆ ಎರಡೂ ಒಂದೇ. ಹತ್ತು ನಾಣ್ಯ ತೂಗಿದರೆ 77 ಗ್ರಾಂ ತೋರಿಸಬೇಕು. 76 ಅಥವಾ 78 ಬಂದರೆ ಚಿಂತೆಯಿಲ್ಲ, 73 ಬಂದರೆ ಬ್ಯಾಟರಿ ಬದಲಿಸಿ ಮತ್ತೆ ನೋಡಿ. ವರ್ನಿಯರ್‌ನ ದವಡೆಗಳನ್ನು ಪೂರ್ತಿ ಮುಚ್ಚಿ ಸೊನ್ನೆ ಇದೆಯೇ ನೋಡಿಕೊಂಡು ನಾಣ್ಯದ ವ್ಯಾಸ ಅಳೆಯಿರಿ. ಇನ್ನೊಂದು ಖಚಿತ ಅಳತೆ ಎಲ್ಲರ ಪರ್ಸಿನಲ್ಲೂ ಇದೆ: ಎಟಿಎಂ ಕಾರ್ಡಿನ ಉದ್ದ 85.6 ಮಿ.ಮೀ., ಅಗಲ 54 ಮಿ.ಮೀ. ಯಾವ ಬ್ಯಾಂಕಿನದಾದರೂ ಇದೇ ಅಳತೆ.

5 ಕಿಲೋ ತೂಗುವ ಅಡುಗೆಮನೆಯ ಯಂತ್ರಗಳಲ್ಲಿ ಒಂದು ತೊಂದರೆ ಇದೆ. ತೀರಾ ಹಗುರ ವಸ್ತು ಇಟ್ಟರೆ ಅವು ಅದನ್ನು ಗಮನಿಸದೆ ಸೊನ್ನೆಯಲ್ಲೇ ನಿಲ್ಲುತ್ತವೆ, ಇಲ್ಲವೇ ಎರಡು ಮೂರು ಗ್ರಾಂ ಕಡಿಮೆ ತೋರಿಸುತ್ತವೆ. ಪರಿಹಾರ ಸುಲಭ. ಮೊದಲು 200 ಗ್ರಾಂ ಆಸುಪಾಸಿನ ಬಟ್ಟಲೊಂದನ್ನು ಇಟ್ಟು ಅದರ ತೂಕ ಬರೆದುಕೊಳ್ಳಿ. ಸೊನ್ನೆಯ ಗುಂಡಿ ಒತ್ತದೆ ಚಾಕುವನ್ನು ಬಟ್ಟಲಿಗೆ ಹಾಕಿ. ಎರಡರ ವ್ಯತ್ಯಾಸವೇ ಚಾಕುವಿನ ತೂಕ.

ಹೆಜ್ಜೆ 2: ಚಾಕುವನ್ನು ಸಿದ್ಧಪಡಿಸಿ

ಕೀಲಿನ ಸುತ್ತ, ಅಲಗು ಕೂರುವ ಸೀಳಿನಲ್ಲಿ ಜೇಬಿನ ನೂಲು, ಧೂಳು, ಹಣ್ಣಿನ ಅಂಟು ಸೇರಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಒರೆಸಿ. ಹಿಡಿಯ ತುದಿಗೆ ಕಟ್ಟಿದ ದಾರ, ಕೀಚೈನ್ ಬಳೆ ತೆಗೆಯಿರಿ. ಕಂಪನಿ ಕೂರಿಸಿ ಕೊಟ್ಟ ಕ್ಲಿಪ್ ಮಾತ್ರ ಹಾಗೇ ಇರಲಿ, ಏಕೆಂದರೆ ತಯಾರಕರು ಹೇಳುವ ತೂಕ ಸಾಮಾನ್ಯವಾಗಿ ಅದನ್ನೂ ಸೇರಿಸಿಯೇ ಇರುತ್ತದೆ.

ಮರದ ಹಿಡಿಯ ಚಾಕುವಾದರೆ ಇನ್ನೊಂದು ವಿಷಯ ಗಮನಿಸಬೇಕು. ಒಪಿನೆಲ್‌ನ ಬೀಚ್ ಮರ ನೀರು ಹೀರಿ ಉಬ್ಬುತ್ತದೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅಲಗು ಬಿಚ್ಚುವುದೇ ಕಷ್ಟವಾಗುವಷ್ಟು ಬಿಗಿಯಾಗುವುದುಂಟು. ಒದ್ದೆಯಾದ ಹಿಡಿಯನ್ನು ಅಳೆಯಬೇಡಿ. ನೆರಳಿನಲ್ಲಿ ಎರಡು ದಿನ ಒಣಗಿಸಿ. ಬಿಸಿಲಿಗೋ ಒಲೆಯ ಹತ್ತಿರವೋ ಇಟ್ಟರೆ ಮರ ಸೀಳಬಹುದು.

ಬಿಚ್ಚಿ ಅಳೆಯುವ ಮುನ್ನ ಮೊನೆಗೂ ಬಾಯಿಗೂ ಟೇಪ್ ಸುತ್ತಿ. ಬಿಚ್ಚಿದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಲಾಕ್ ಇರುವ ಚಾಕುವಿನಲ್ಲಿ ಲಾಕ್ ಪೂರ್ತಿ ಬಿದ್ದಿದೆಯೇ ನೋಡಿ. ಒಪಿನೆಲ್‌ನಲ್ಲಾದರೆ ಕತ್ತಿನ ಉಂಗುರ ತಿರುಗಿಸಿ ಬಿಗಿಮಾಡಿ. ಸ್ಪಾರ್ಟನ್‌ನಂಥ ಲಾಕ್ ಇಲ್ಲದ ಚಾಕುವಿನ ಬೆನ್ನನ್ನು ವರ್ನಿಯರ್‌ನಿಂದ ಒತ್ತಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ.

ಹೆಜ್ಜೆ 3: ಮಡಚಿದ ಸ್ಥಿತಿಯ ಅಳತೆ

ಚಾಕು ದಿನದ ಬಹುಪಾಲು ಕಳೆಯುವುದು ಮಡಚಿದ ಸ್ಥಿತಿಯಲ್ಲೇ. ಆದ್ದರಿಂದ ಇಲ್ಲಿಂದಲೇ ಶುರುಮಾಡಿ.

ಉದ್ದ: ಚಾಕುವಿನ ಎರಡು ತುದಿಗಳ ನಡುವಿನ ಅತಿ ಹೆಚ್ಚಿನ ನೇರ ದೂರ. ಬಾಗಿದ ಹಿಡಿಯನ್ನು ದಾರ ಹಾಕಿ ಅಳೆಯುವಂತಿಲ್ಲ. 150 ಮಿ.ಮೀ. ವರ್ನಿಯರ್‌ಗೆ ಸಿಗದಷ್ಟು ಉದ್ದವಿದ್ದರೆ ಗೋಡೆಗೆ ತಾಗಿಸಿಟ್ಟ ಸ್ಕೇಲಿನ ಪಕ್ಕ ಚಾಕುವನ್ನೂ ಗೋಡೆಗೆ ತಾಗಿಸಿ ಮಲಗಿಸಿ, ಇನ್ನೊಂದು ತುದಿಗೆ ಎಟಿಎಂ ಕಾರ್ಡನ್ನು ಲಂಬವಾಗಿ ಒತ್ತಿ ಹಿಡಿದು ಓದಿ.

ಅಗಲ: ಚಾಕುವನ್ನು ಮೇಜಿನ ಮೇಲೆ ಚಪ್ಪಟೆ ಮಲಗಿಸಿದಾಗ ಮೇಲಂಚಿನಿಂದ ಕೆಳಂಚಿಗಿರುವ ದೂರ. ಇಲ್ಲಿ ಎರಡು ಸಂಖ್ಯೆ ಬರೆದುಕೊಳ್ಳಿ. ಒಂದು ಹಿಡಿಯ ಅಗಲ, ಇನ್ನೊಂದು ಹಿಡಿಯಿಂದ ಹೊರಚಾಚಿದ ಅಲಗಿನ ಗೂನು, ಅಲಗು ಬಿಚ್ಚಲು ಬೆರಳಿನಿಂದ ತಳ್ಳುವ ಹೆಬ್ಬೆರಳ ಗುಬ್ಬಿ ಅಥವಾ ತಳ್ಳುಗೊಕ್ಕೆ ಸೇರಿ ಆಗುವ ಅತಿ ಹೆಚ್ಚಿನ ಅಗಲ. ಸ್ಪೈಡರ್ಕೊ ಚಾಕುಗಳಲ್ಲಿ ಅಲಗು ಬಿಚ್ಚಲೆಂದು ಇರುವ ದುಂಡು ತೂತು ಅಲಗಿನ ಗೂನಿನಲ್ಲೇ ಇರುವುದರಿಂದ ಈ ಎರಡು ಸಂಖ್ಯೆಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ. ಕ್ಲಿಪ್ ಹಾಕಿ ಜೇಬಿನಂಚಿಗೆ ಸಿಕ್ಕಿಸುವ ಚಾಕು ಜೇಬಿನ ಬಾಯಲ್ಲಿ ಎಷ್ಟು ಜಾಗ ತಿನ್ನುತ್ತದೆ, ಅದರ ಪಕ್ಕದಲ್ಲಿ ಕೈ ಇಳಿಸಿ ಕೀಲಿಕೈ ತೆಗೆಯಲು ಆಗುತ್ತದೆಯೇ ಎಂಬುದನ್ನು ನಿರ್ಧರಿಸುವುದು ಇದೇ ಅಳತೆ. ಉದ್ದದ ಬಗ್ಗೆ ತಲೆಕೆಡಿಸಿಕೊಳ್ಳುವ ಅರ್ಧದಷ್ಟನ್ನಾದರೂ ಅಗಲದ ಬಗ್ಗೆ ಕೆಡಿಸಿಕೊಂಡರೆ ಕೊಂಡ ಮೇಲೆ ಪೇಚಾಡುವುದು ತಪ್ಪುತ್ತದೆ.

ದಪ್ಪ: ಇದರಲ್ಲೂ ಎರಡು. ಹಿಡಿಯ ಎರಡು ಪಟ್ಟಿಗಳ ಹೊರಮೈ ನಡುವಿನ ದೂರ ಒಂದು, ಕ್ಲಿಪ್ಪಿನ ಉಬ್ಬಿದ ಜಾಗ ಸೇರಿಸಿ ಇನ್ನೊಂದು. ವರ್ನಿಯರ್ ಒತ್ತಿದರೆ ಕ್ಲಿಪ್ ಸ್ಪ್ರಿಂಗಿನಂತೆ ಬಗ್ಗಿ ಒಂದೆರಡು ಮಿಲಿಮೀಟರ್ ಕಡಿಮೆ ತೋರಿಸುತ್ತದೆ. ದವಡೆ ತಾಗಿತು ಎನ್ನುವಲ್ಲಿಗೇ ನಿಲ್ಲಿಸಿ. ಬಗೌಟ್‌ನ ಹಿಡಿ 10.7 ಮಿ.ಮೀ. ದಪ್ಪ ಎಂದು ಕಂಪನಿ ಹೇಳುತ್ತದೆ. ಒಪಿನೆಲ್‌ನ ಹಿಡಿ ದುಂಡು, ಅದಕ್ಕಿಂತ ಬಹಳ ದಪ್ಪ. ಹೀಗಾಗಿ ಮೂರು ಚಾಕುಗಳಲ್ಲಿ ಅತಿ ಹಗುರವಾದ ಒಪಿನೆಲ್ ಬಿಗಿ ಪ್ಯಾಂಟಿನ ಜೇಬಿನಲ್ಲಿ ಅತಿ ಹೆಚ್ಚು ಉಬ್ಬಿ ಕಾಣುತ್ತದೆ. ತೂಕ ಕಡಿಮೆ ಎಂದಾಕ್ಷಣ ಗಾತ್ರವೂ ಕಡಿಮೆ ಎಂದಲ್ಲ.

ಕ್ಲಿಪ್ ಇದ್ದರೆ ಇನ್ನೊಂದು ಅಳತೆ ಸೇರಿಸಿ: ಕ್ಲಿಪ್ ಬಗ್ಗಿ ಬಟ್ಟೆಯ ಮೇಲೆ ಕೂರುವ ಜಾಗದಿಂದ ಚಾಕುವಿನ ತುದಿಗೆ ಎಷ್ಟು ದೂರ? ಅಷ್ಟು ಭಾಗ ಜೇಬಿನ ಹೊರಗೆ ಕಾಣುತ್ತದೆ. 2 ಮಿ.ಮೀ. ಇದ್ದರೆ ಚಾಕು ಪೂರ್ತಿ ಒಳಗಿಳಿಯುತ್ತದೆ. 20 ಮಿ.ಮೀ. ಇದ್ದರೆ ಬೈಕಿನ ಮೇಲೆ ಕೂತಾಗ ಸೊಂಟಕ್ಕೆ ಒತ್ತುತ್ತದೆ, ಕಚೇರಿಯಲ್ಲಿ ಬೇರೆಯವರ ಕಣ್ಣಿಗೂ ಬೀಳುತ್ತದೆ.

ಹೆಜ್ಜೆ 4: ಬಿಚ್ಚಿದ ಸ್ಥಿತಿಯ ಅಳತೆ

ಅತಿ ಹೆಚ್ಚು ಗೊಂದಲ ಇರುವುದು ಅಲಗಿನ ಉದ್ದದಲ್ಲಿ. ಅಮೆರಿಕದ ಚಾಕು ತಯಾರಕರ ಸಂಘಟನೆಯಾದ ಅಮೆರಿಕನ್ ನೈಫ್ ಅಂಡ್ ಟೂಲ್ ಇನ್‌ಸ್ಟಿಟ್ಯೂಟ್ ಹೇಳುವ ಕ್ರಮ ಸರಳ: ಮೊನೆಯಿಂದ ಹಿಡಿ ಅತಿ ಮುಂದೆ ಚಾಚಿರುವ ಬಿಂದುವಿಗೆ ನೇರ ಗೆರೆ. ಬೆನ್ನಿನ ಬಾಗು ಹಿಡಿದು ಅಳೆಯುವಂತಿಲ್ಲ. ಕೀಲಿನ ನಡುವಿನಿಂದಲೂ ಅಳೆಯುವಂತಿಲ್ಲ. ನೀವೂ ಇದನ್ನೇ ಪಾಲಿಸಿ.

ಆಮೇಲೆ ಬಾಯಿಯ ಉದ್ದವನ್ನು ಬೇರೆಯಾಗಿ ಬರೆದುಕೊಳ್ಳಿ. ಹರಿತ ಶುರುವಾಗುವ ಬಿಂದುವಿನಿಂದ ಮೊನೆಗೆ ನೇರ ದೂರ. ಡೆಲಿಕಾ 4ರ ಅಲಗು 74 ಮಿ.ಮೀ., ಬಾಯಿ 65 ಮಿ.ಮೀ. ಎಂದು ಸ್ಪೈಡರ್ಕೊ ಎರಡನ್ನೂ ಬಿಡಿಸಿ ಹೇಳುತ್ತದೆ. ಬುಡದ 9 ಮಿ.ಮೀ. ಉಕ್ಕು ಕೊಯ್ಯುವುದಿಲ್ಲ. ಒಪಿನೆಲ್‌ನಲ್ಲಿ ಬಾಯಿ ಬಹುತೇಕ ಹಿಡಿಯ ಹತ್ತಿರದವರೆಗೂ ಹೋಗುತ್ತದೆ. ಸೇಬು, ಮಾವಿನಕಾಯಿ ಹೋಳು ಮಾಡುವವರಿಗೆ ಈ ಸೆಂಟಿಮೀಟರು ದೊಡ್ಡ ವ್ಯತ್ಯಾಸ. ಪಾರ್ಸಲ್ ಟೇಪ್ ಕತ್ತರಿಸುವವರಿಗೆ ಏನೂ ಅಲ್ಲ.

ಅಲಗಿನ ದಪ್ಪವನ್ನು ಬೆನ್ನಿನ ಮೇಲೆ, ಹಿಡಿಗೆ 10 ಮಿ.ಮೀ. ಮುಂದೆ ಅಳೆಯಿರಿ. ಬಕ್ 110ರದು ಸುಮಾರು 3 ಮಿ.ಮೀ., ಡೆಲಿಕಾದ್ದು 2.5, ಬಗೌಟ್‌ನದು 2.3, ಒಪಿನೆಲ್ 8ರದು 2ಕ್ಕಿಂತ ಕಡಿಮೆ. ವರ್ನಿಯರ್ ದವಡೆಯನ್ನು ಬೆನ್ನಿನ ಕಡೆಯಿಂದ ಇಳಿಸಿ. ಬಾಯಿಯ ಕಡೆಯಿಂದ ಹಾಕಿದರೆ ದವಡೆ ತಾಗಿ ಹರಿತ ಮುರಿಯುತ್ತದೆ. ಟೇಪ್ ಸುತ್ತಿದ ಜಾಗದಲ್ಲಿ ಅಳೆದು ಟೇಪಿನ ದಪ್ಪವನ್ನೂ ಲೆಕ್ಕಕ್ಕೆ ತರಬೇಡಿ.

ಹಿಡಿಯ ಒಟ್ಟು ಉದ್ದಕ್ಕಿಂತ ನಾಲ್ಕು ಬೆರಳು ಕೂರುವ ಜಾಗ ಮುಖ್ಯ. ನಿಮ್ಮ ಅಂಗೈಯ ಅಗಲವನ್ನು ತೋರುಬೆರಳಿನ ಬುಡದಿಂದ ಕಿರುಬೆರಳಿನ ಬುಡದವರೆಗೆ ಅಳೆಯಿರಿ. ಹಿಡಿಯಲ್ಲಿ ಬೆರಳ ತಡೆಯ ಹಿಂದಿನಿಂದ ತುದಿಯವರೆಗಿನ ಉದ್ದ ಅದಕ್ಕಿಂತ ಕಡಿಮೆ ಇದ್ದರೆ ಕಿರುಬೆರಳು ಗಾಳಿಯಲ್ಲಿ ಉಳಿಯುತ್ತದೆ. ಕಾಗದ, ದಾರದ ಕೆಲಸಕ್ಕೆ ತೊಂದರೆಯಿಲ್ಲ, ಮರ ಕೆತ್ತಲು ಬಲ ಹಾಕಿದಾಗ ಚಾಕು ಕೈಯೊಳಗೆ ತಿರುಗುತ್ತದೆ.

ಕೊನೆಗೆ ಒಂದು ತಾಳೆ ನೋಡುವ ಲೆಕ್ಕ: ಮಡಚಿದ ಉದ್ದ + ಅಲಗಿನ ಉದ್ದ = ಬಿಚ್ಚಿದ ಒಟ್ಟು ಉದ್ದ. ಡೆಲಿಕಾಗೆ 108 + 74 = 182, ಸರಿ. ಬಕ್‌ಗೆ 124 + 95 = 219, ಸರಿ. ಒಪಿನೆಲ್ 8ಕ್ಕೆ 110 + 85 = 195, ಸರಿ. ನಿಮ್ಮ ಲೆಕ್ಕದಲ್ಲೋ ಮಾರಾಟದ ಪುಟದಲ್ಲೋ 3 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಎರಡು ಸಾಧ್ಯತೆ ಇದೆ. ಅಲಗನ್ನು ಬೇರೆ ಬಿಂದುವಿನಿಂದ ಅಳೆದಿರಬಹುದು. ಇಲ್ಲವೇ ಮಡಚಿದಾಗ ಅಲಗಿನ ಬುಡವೋ ತಳ್ಳುಗೊಕ್ಕೆಯೋ ಹಿಡಿಯಾಚೆ ಚಾಚುವ ಚಾಕು ಅದು. ಚಾಕು ಕೈಯಲ್ಲಿಲ್ಲದೆಯೇ ತಪ್ಪು ಮಾಹಿತಿ ಹಿಡಿಯಲು ಇದಕ್ಕಿಂತ ಚುರುಕಾದ ಉಪಾಯ ಇಲ್ಲ.

ಹೆಜ್ಜೆ 5: ತೂಕ

ಯಂತ್ರವನ್ನು ಗಟ್ಟಿ, ಸಮತಟ್ಟಾದ ಜಾಗದಲ್ಲಿಡಿ. ಚಾಪೆ, ಹಾಸಿಗೆ, ಮೇಜುಬಟ್ಟೆಯ ಮಡಿಕೆ ಬೇಡ. ಫ್ಯಾನ್ ನಿಲ್ಲಿಸಿ, 0.1 ಗ್ರಾಂ ಯಂತ್ರಕ್ಕೆ ಗಾಳಿಯೂ ಸಾಕು. ಚಾಕುವನ್ನು ಮಡಚಿ ತಟ್ಟೆಯ ನಡುವೆ ಇಡಿ. ಪುಟ್ಟ ಯಂತ್ರದಲ್ಲಿ ಉದ್ದ ಚಾಕುವಿನ ತುದಿ ಮುಚ್ಚಳಕ್ಕೋ ಮೇಜಿಗೋ ತಾಗಿ ತೂಕದಲ್ಲಿ ಕೆಲವು ಗ್ರಾಂ ಮಾಯವಾಗುವುದುಂಟು. ಅಡ್ಡವಾಗಿ ಚಿಕ್ಕ ಬಟ್ಟಲಿಟ್ಟು ಸೊನ್ನೆ ಮಾಡಿ ಅದರೊಳಗೆ ನಿಲ್ಲಿಸಿದರೆ ಈ ತೊಂದರೆ ಇಲ್ಲ. ಮೂರು ಸಲ ತೆಗೆದು ಇಟ್ಟು ಓದಿ. ಮೂರೂ ಒಂದೇ ಬಂದರೆ ಬರೆದುಕೊಳ್ಳಿ, ಬೇರೆಬೇರೆ ಬಂದರೆ ನಡುವಿನ ಸಂಖ್ಯೆ ತೆಗೆದುಕೊಳ್ಳಿ.

ಕಂಪನಿಯ ಸಂಖ್ಯೆಗೂ ನಿಮ್ಮದಕ್ಕೂ ಒಂದೆರಡು ಗ್ರಾಂ ವ್ಯತ್ಯಾಸ ಇದ್ದೇ ಇರುತ್ತದೆ. ಔನ್ಸ್‌ನಿಂದ ಗ್ರಾಂಗೆ ತರುವಾಗಲೇ ಅಷ್ಟು ಹೋಗುತ್ತದೆ. 1 ಔನ್ಸ್ ಎಂದರೆ 28.35 ಗ್ರಾಂ, 2.5 ಔನ್ಸ್ ಎಂದರೆ 70.9. ಇದನ್ನೇ ಒಬ್ಬರು 70, ಇನ್ನೊಬ್ಬರು 71, ಮತ್ತೊಬ್ಬರು 1 ಔನ್ಸ್‌ಗೆ 30 ಗ್ರಾಂ ಎಂದು ಹಿಡಿದು 75 ಎಂದು ಬರೆಯುತ್ತಾರೆ. ಇಂಚಿನದೂ ಹಾಗೆಯೇ. 1 ಇಂಚು 25.4 ಮಿ.ಮೀ., 25 ಅಲ್ಲ. ನಾಲ್ಕೂಮುಕ್ಕಾಲು ಇಂಚಿನ ಹಿಡಿಯಲ್ಲಿ ಆ 0.4 ಸೇರಿ ಸೇರಿ 2 ಮಿ.ಮೀ. ಆಗುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ ಇನ್ನೂ ದೊಡ್ಡ ತಪ್ಪು ಇರುತ್ತದೆ. 'ಐಟಂ ತೂಕ' ಎಂಬಲ್ಲಿ ಪೆಟ್ಟಿಗೆ, ಚೀಲ, ಕಾಗದ ಎಲ್ಲ ಸೇರಿದ ಕೊರಿಯರ್ ತೂಕ ಹಾಕಿರುತ್ತಾರೆ. 100, 200, 250 ಎಂದು ದುಂಡು ಸಂಖ್ಯೆ ಕಂಡರೆ ಅದನ್ನು ನಂಬಬೇಡಿ. ತಯಾರಕರದೇ ಪುಟದಲ್ಲಿರುವ ಸಂಖ್ಯೆ ಹುಡುಕಿ.

ತೂಕ ಎಲ್ಲಿಂದ ಬರುತ್ತದೆ

ಇದನ್ನು ತಿಳಿದುಕೊಂಡರೆ ಹೋಲಿಕೆಯ ಅರ್ಧ ಕೆಲಸ ಮುಗಿದಂತೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ, ಹಿತ್ತಾಳೆ 8.5, ಟೈಟಾನಿಯಂ 4.4, ಅಲ್ಯೂಮಿನಿಯಂ 2.7, ಗಾಜಿನ ನಾರು ಮತ್ತು ರಾಳದ ಜಿ-10 ಸುಮಾರು 1.8, ಕಾರ್ಬನ್ ಫೈಬರ್ 1.6, ನಾರು ಬೆರೆಸಿದ ನೈಲಾನ್ ಸುಮಾರು 1.4, ಒಣಗಿದ ಬೀಚ್ ಮರ ಸುಮಾರು 0.7.

ಒಂದು ಸಾಧಾರಣ ಹಿಡಿಯ ಲೆಕ್ಕ ಹಾಕೋಣ. ಪಟ್ಟಿಯೊಂದು 100 ಮಿ.ಮೀ. ಉದ್ದ, 22 ಅಗಲ, 3 ದಪ್ಪ. ಎರಡು ಪಟ್ಟಿ ಸೇರಿ 13.2 ಘನ ಸೆಂ.ಮೀ. ಜಿ-10ರಲ್ಲಿ ಮಾಡಿದರೆ 24 ಗ್ರಾಂ, ಅಲ್ಯೂಮಿನಿಯಂನಲ್ಲಿ 36, ಟೈಟಾನಿಯಂನಲ್ಲಿ 58, ಉಕ್ಕಿನಲ್ಲಿ 103. ಟೈಟಾನಿಯಂ ಎಂದರೆ ಹಗುರ ಎಂಬ ನಂಬಿಕೆ ಉಕ್ಕಿನ ಎದುರು ಮಾತ್ರ ನಿಜ. ಪ್ಲಾಸ್ಟಿಕ್ ಜಾತಿಯ ಹಿಡಿಯ ಎದುರು ಅದು ಎರಡು ಮೂರು ಪಟ್ಟು ಭಾರ. ಟೈಟಾನಿಯಂ ಚಾಕುಗಳು ಹಗುರವಾಗಿದ್ದರೆ ಅದಕ್ಕೆ ಕಾರಣ ಪಟ್ಟಿ ತೆಳುವಾಗಿರುವುದು ಮತ್ತು ಒಳಗಡೆ ಕೊರೆದು ತೆಗೆದಿರುವುದು.

ಇನ್ನು ಲೈನರ್. 100 × 20 × 1 ಮಿ.ಮೀ. ಉಕ್ಕಿನ ತಗಡು ಎರಡು ಸೇರಿ 4 ಘನ ಸೆಂ.ಮೀ., ಅಂದರೆ 31 ಗ್ರಾಂ. ತಗಡಿನಲ್ಲಿ ಸಾಲಾಗಿ ತೂತು ಕೊರೆದರೆ ಅದರಲ್ಲಿ ಮೂರನೇ ಒಂದು ಭಾಗ ಉಳಿಸಬಹುದು. ಡೆಲಿಕಾದ ಹಿಡಿಯೂ ನೈಲಾನ್ ಜಾತಿಯದೇ, ಬಗೌಟ್‌ನದೂ ಅದೇ. ಆದರೂ 19 ಗ್ರಾಂ ವ್ಯತ್ಯಾಸ ಏಕೆ ಎಂದರೆ ಡೆಲಿಕಾದೊಳಗೆ ಉಕ್ಕಿನ ಲೈನರ್‌ಗಳು ಉದ್ದಕ್ಕೂ ಇವೆ, ಬಗೌಟ್‌ನಲ್ಲಿ ಲಾಕ್ ಇರುವಷ್ಟು ಜಾಗಕ್ಕೆ ಮಾತ್ರ. ಅದರ ಫಲ ಕೈಗೆ ಗೊತ್ತಾಗುತ್ತದೆ. ಬಗೌಟ್‌ನ ಹಿಡಿಯನ್ನು ಬಲವಾಗಿ ಹಿಂಡಿದರೆ ಸ್ವಲ್ಪ ಬಾಗುತ್ತದೆ, ಡೆಲಿಕಾ ಬಾಗುವುದಿಲ್ಲ. ಒಪಿನೆಲ್‌ನಲ್ಲಿ ಲೈನರ್ ಎಂಬುದೇ ಇಲ್ಲ: ಮರದ ಹಿಡಿ, ತೆಳು ಅಲಗು, ಒಂದು ಕೀಲು, 1955ರಲ್ಲಿ ಸೇರಿಸಿದ ಲಾಕಿನ ಉಂಗುರ, ಅಷ್ಟೇ. ಬಕ್ 110ರ 204 ಗ್ರಾಂ ಬಂದಿರುವುದು ಹಿತ್ತಾಳೆಯ ಚೌಕಟ್ಟಿನಿಂದ. ಅದೇ ಕಂಪನಿ ಅದೇ ಉದ್ದದ ಅಲಗಿಗೆ ನೈಲಾನ್ ಹಿಡಿ ಹಾಕಿ 110 ಎಲ್‌ಟಿ ಎಂದು ಮಾರುತ್ತದೆ. ತೂಕ ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ.

ಅಲಗಿನಿಂದ ಬರುವ ತೂಕ ಜನ ಎಣಿಸುವುದಕ್ಕಿಂತ ಕಡಿಮೆ. 85 × 22 × 2.5 ಮಿ.ಮೀ. ಅಲಗು ಬಾಯಿಯ ಕಡೆಗೆ ತೆಳುವಾಗುತ್ತಾ ಹೋಗುವುದರಿಂದ ಉಳಿಯುವ ಉಕ್ಕು ಸುಮಾರು ಶೇ. 60, ತೂಕ 22 ಗ್ರಾಂ. ಹಗುರವಾದ ಚಾಕು ಬೇಕಾದವರು ಅಲಗು ಗಿಡ್ಡ ಮಾಡಿಕೊಳ್ಳುವ ಮುನ್ನ ಹಿಡಿಯ ವಸ್ತು ನೋಡಬೇಕು.

ಹೆಜ್ಜೆ 6: ತೂಕ ಎಲ್ಲಿ ಕೂತಿದೆ

ಚಾಕು ಬಿಚ್ಚಿ, ಲಾಕ್ ಮಾಡಿ, ಮೇಜಿನ ಮೇಲೆ ಅಡ್ಡ ಇಟ್ಟ ಪೆನ್ಸಿಲಿನ ಮೇಲೆ ಚಪ್ಪಟೆ ಮಲಗಿಸಿ. ಎರಡೂ ಕಡೆ ವಾಲದೆ ನಿಲ್ಲುವ ಬಿಂದು ಸಿಕ್ಕಾಗ ಅದು ಹಿಡಿಯ ಮುಂದಿನ ಅಂಚಿನಿಂದ ಎಷ್ಟು ಹಿಂದೆ ಇದೆ ಎಂದು ಅಳೆಯಿರಿ. ತೋರುಬೆರಳು ಕೂರುವ ಜಾಗದಲ್ಲಿ, ಅಂದರೆ 10ರಿಂದ 25 ಮಿ.ಮೀ. ಹಿಂದೆ ಇದ್ದರೆ ಸಣ್ಣ ಕೆಲಸದಲ್ಲಿ ಚಾಕು ಬೆರಳ ಮಾತು ಕೇಳುತ್ತದೆ. ಇನ್ನೂ ಹಿಂದಕ್ಕೆ ಹೋದಷ್ಟೂ ಹಿಡಿಯ ಕಡೆ ಎಳೆತ ಹೆಚ್ಚು, ಬಕ್‌ನಂಥ ಭಾರದ ಹಿಡಿಗಳಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಅಂಗೈಯಲ್ಲಿ ಗಟ್ಟಿಯಾಗಿ ಕೂರಬೇಕು ಎನ್ನುವವರಿಗೆ ಅದೇ ಇಷ್ಟ. ಬೆರಳತುದಿಯಿಂದ ಪೆನ್ಸಿಲ್ ಹೆರೆಯುವವರಿಗೆ ಅದೇ ಆಯಾಸ.

ಹೆಜ್ಜೆ 7: ಎರಡು ಲೆಕ್ಕ, ಒಂದು ಪಟ್ಟಿ

ಅಲಗಿನ ಉದ್ದವನ್ನು ಮಡಚಿದ ಉದ್ದದಿಂದ ಭಾಗಿಸಿ. ಜೇಬಿನಲ್ಲಿ ಕೊಟ್ಟ ಜಾಗಕ್ಕೆ ಎಷ್ಟು ಅಲಗು ಸಿಕ್ಕಿತು ಎಂಬುದು ಇದು. ಆಮೇಲೆ ತೂಕವನ್ನು ಅಲಗಿನ ಸೆಂಟಿಮೀಟರುಗಳಿಂದ ಭಾಗಿಸಿ. ಒಂದು ಸೆಂಟಿಮೀಟರ್ ಅಲಗಿಗಾಗಿ ಎಷ್ಟು ಗ್ರಾಂ ಹೊರುತ್ತೀರಿ ಎಂದು ಅದು ಹೇಳುತ್ತದೆ.

| ಚಾಕು | ಮಡಚಿದ ಉದ್ದ (ಮಿ.ಮೀ.) | ಅಲಗು (ಮಿ.ಮೀ.) | ತೂಕ (ಗ್ರಾಂ) | ಅಲಗು ÷ ಉದ್ದ | ಸೆಂ.ಮೀ.ಗೆ ಗ್ರಾಂ |
|---|---|---|---|---|---|
| ಒಪಿನೆಲ್ 8 | 110 | 85 | 45 | 0.77 | 5.3 |
| ಬಗೌಟ್ 535 | 107 | 82 | 52 | 0.77 | 6.3 |
| ಡೆಲಿಕಾ 4 | 108 | 74 | 71 | 0.69 | 9.6 |
| ಬಕ್ 110 | 124 | 95 | 204 | 0.77 | 21.5 |

ಮೊದಲ ಲೆಕ್ಕದಲ್ಲಿ ಬಕ್ ಉಳಿದವುಗಳ ಸಮಕ್ಕೆ ನಿಲ್ಲುತ್ತದೆ. ಎರಡನೆಯದರಲ್ಲಿ ಮಾತ್ರ ಅದರ ನಿಜವಾದ ಹೊರೆ ಕಾಣುತ್ತದೆ. ಡೆಲಿಕಾವನ್ನು ಬಾಯಿಯ ಉದ್ದದ ಮೇಲೆ ಲೆಕ್ಕ ಹಾಕಿದರೆ 10.9 ಗ್ರಾಂ ಆಗುತ್ತದೆ. ಆದರೆ ಒಂದು ಸಾಲಿಗೆ ಅಲಗು, ಇನ್ನೊಂದಕ್ಕೆ ಬಾಯಿ ಹಿಡಿದು ಹೋಲಿಸಬೇಡಿ. ಕತ್ತರಿ, ಡಬ್ಬಿ ತೆರೆಯುವ ಕೊಕ್ಕೆ, ಬಿರಡೆ ತೆಗೆಯುವ ತಿರುಪು ಇರುವ ಸ್ವಿಸ್ ಚಾಕುಗಳನ್ನೂ ಈ ಪಟ್ಟಿಗೆ ಸೇರಿಸಬೇಡಿ. ಅವುಗಳ ತೂಕ ಒಂದು ಅಲಗಿಗೆ ಸಲ್ಲುವುದಲ್ಲ. ಅವನ್ನು ಅವುಗಳ ನಡುವೆಯೇ, ದಪ್ಪ ಮತ್ತು ನಿಮಗೆ ನಿಜವಾಗಿ ಬೇಕಾದ ಉಪಕರಣಗಳ ಸಂಖ್ಯೆ ನೋಡಿ ಹೋಲಿಸುವುದು ನ್ಯಾಯ.

ಫೋಟೋದಲ್ಲಿ ಹೋಲಿಸುವಾಗ

ಎಲ್ಲ ಚಾಕುಗಳ ಕೀಲುಗಳನ್ನು ಒಂದೇ ಗೆರೆಯಲ್ಲಿ ಇಟ್ಟು, ಪಕ್ಕದಲ್ಲಿ 10 ರೂಪಾಯಿ ನಾಣ್ಯವೋ ಹಿಂದುಮುಂದಾಗಿಸಿ ನಂಬರು ಮುಚ್ಚಿದ ಎಟಿಎಂ ಕಾರ್ಡೋ ಇಡಿ. ಹತ್ತಿರದಿಂದ ತೆಗೆದ ಚಿತ್ರ ಮೋಸ ಮಾಡುತ್ತದೆ. ಫೋನ್ 30 ಸೆಂ.ಮೀ. ಎತ್ತರದಲ್ಲಿದ್ದಾಗ 13 ಮಿ.ಮೀ. ದಪ್ಪದ ಚಾಕುವಿನ ಮೇಲ್ಮೈ, ಮೇಜಿಗೆ ಅಂಟಿಕೊಂಡ ಕಾರ್ಡಿಗಿಂತ ಕ್ಯಾಮೆರಾಕ್ಕೆ ಹತ್ತಿರವಿರುತ್ತದೆ, ಶೇ. 4ಕ್ಕೂ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಒಂದೂವರೆ ಮೀಟರ್ ಎತ್ತರಕ್ಕೆ ಹೋಗಿ ಜೂಮ್ ಹಾಕಿದರೆ ಈ ದೋಷ ಶೇ. 1ರೊಳಗೆ ಇಳಿಯುತ್ತದೆ. ಚೌಕಟ್ಟಿನ ಅಂಚಿಗೆ ಚಾಕು ಇಡಬೇಡಿ, ಅಲ್ಲಿ ಮಸೂರ ಹಿಗ್ಗಿಸುತ್ತದೆ.

ಕಂಪನಿ ಅಗಲ ಹೇಳಿಲ್ಲದಿದ್ದರೆ ಚಿತ್ರದಿಂದಲೇ ಲೆಕ್ಕ ತೆಗೆಯಬಹುದು. ಮಡಚಿದ ಚಾಕುವಿನ ನೇರ ಪಕ್ಕನೋಟದ ಚಿತ್ರ ತೆರೆದು ಪರದೆಯ ಮೇಲೆ ಸ್ಕೇಲ್ ಇಡಿ. ಚಿತ್ರದಲ್ಲಿ ಉದ್ದ 180 ಮಿ.ಮೀ., ಅಗಲ 45 ಮಿ.ಮೀ. ಎಂದುಕೊಳ್ಳಿ. ನಿಜವಾದ ಉದ್ದ 108 ಎಂದು ಗೊತ್ತಿದ್ದರೆ 108 ÷ 180 = 0.6. ಅಗಲ 45 × 0.6 = 27 ಮಿ.ಮೀ. ಚಾಕು ಓರೆಯಾಗಿ ನಿಂತಿರುವ ಚಿತ್ರಕ್ಕೆ ಈ ಲೆಕ್ಕ ಹಾಕಬೇಡಿ.

ಕಾನೂನು ಅಳೆಯುವ ರೀತಿ

ಭಾರತದ 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆ, ಕೃಷಿ, ಕೈಗಾರಿಕೆಯ ಬಳಕೆಗೆಂದು ಮಾಡಿದವು ಇದರ ಹೊರಗೆ. ಮೇಲಿನ ಯಾವ ಚಾಕುವೂ ಆ ಅಳತೆಯ ಹತ್ತಿರ ಬರುವುದಿಲ್ಲ. ಆದರೆ ಸ್ಥಳೀಯ ಆದೇಶಗಳು ಇದಕ್ಕಿಂತ ಬಿಗಿ ಇರಬಹುದು. ದೆಹಲಿಯಲ್ಲಿ ಗುಂಡಿ ಒತ್ತಿ ತೆರೆಯುವ ಚಾಕುಗಳ ಮೇಲಿನ 1980ರ ಅಧಿಸೂಚನೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲವನ್ನು ಗಡಿಯಾಗಿ ಇಟ್ಟಿದೆ. ವಿಮಾನದ ಕೈಚೀಲದಲ್ಲಿ ಎಷ್ಟೇ ಚಿಕ್ಕ ಚಾಕುವೂ ಸಲ್ಲದು, ಒಪ್ಪಿಸುವ ಸಾಮಾನಿನಲ್ಲಿ ಹಾಕಿ. ಬ್ರಿಟನ್ನಿನಲ್ಲಿರುವವರು ನೋಡಬೇಕಾದ್ದು ಬಾಯಿಯ ಉದ್ದ: ಅಲ್ಲಿ ಕಾರಣ ಹೇಳದೆ ಒಯ್ಯಬಹುದಾದ್ದು ಲಾಕ್ ಇಲ್ಲದ, 3 ಇಂಚಿಗಿಂತ ಹೆಚ್ಚಿಲ್ಲದ ಬಾಯಿಯ ಮಡಚುವ ಚಾಕು ಮಾತ್ರ. ಡೆಲಿಕಾದ 65 ಮಿ.ಮೀ. ಬಾಯಿ ಉದ್ದದಲ್ಲಿ ಒಳಗೇ ಬರುತ್ತದೆ, ಆದರೂ ಲಾಕ್ ಇರುವುದರಿಂದ ಸಲ್ಲುವುದಿಲ್ಲ.

ಕೊಳ್ಳುವ ಮುನ್ನ: ರಟ್ಟು ಮತ್ತು ನಾಣ್ಯ

ಸಂಖ್ಯೆಗಳನ್ನು ಎಷ್ಟು ಓದಿದರೂ ಜೇಬಿಗೆ ಗೊತ್ತಾಗುವುದು ಬೇರೆ. ಆರ್ಡರ್ ಮಾಡುವ ಮುನ್ನ ಒಂದು ಮಾದರಿ ಮಾಡಿ. ಮಡಚಿದ ಉದ್ದ, ಅಗಲಕ್ಕೆ ರಟ್ಟು ಕತ್ತರಿಸಿ, ಚಾಕುವಿನ ದಪ್ಪ ಬರುವಷ್ಟು ಪದರಗಳನ್ನು ಒಂದರ ಮೇಲೊಂದು ಅಂಟಿಸಿ. ಕೊರಿಯರ್ ಪೆಟ್ಟಿಗೆಯ ರಟ್ಟು ಸುಮಾರು 3 ಮಿ.ಮೀ. ದಪ್ಪವಿದ್ದರೆ ನಾಲ್ಕು ಪದರಕ್ಕೆ 12 ಮಿ.ಮೀ. ಬರುತ್ತದೆ. ನಡುವಿನ ಪದರಗಳಲ್ಲಿ ನಾಣ್ಯ ಕೂರುವಷ್ಟು ಗುಂಡಿ ಕೊರೆದು 10 ರೂಪಾಯಿ ನಾಣ್ಯಗಳನ್ನು ತುಂಬಿ ಟೇಪ್ ಸುತ್ತಿ. ಒಪಿನೆಲ್ 8ಕ್ಕೆ 6 ನಾಣ್ಯ, ಬಗೌಟ್‌ಗೆ 7, ಡೆಲಿಕಾಗೆ 9. ಸ್ವಿಸ್ ಚಾಂಪ್‌ಗೆ 24 ನಾಣ್ಯ ಹಾಕಿದರೆ ಸರಿಯಾಗಿ 185 ಗ್ರಾಂ, ಬಕ್ 110ಕ್ಕೆ 26. ಅಷ್ಟು ನಾಣ್ಯ ರಟ್ಟಿನೊಳಗೆ ಹಿಡಿಸದಿದ್ದರೆ ಉಳಿದದ್ದನ್ನು ಚಿಕ್ಕ ಬಟ್ಟೆಯಲ್ಲಿ ಕಟ್ಟಿ ಅದೇ ಜೇಬಿಗೆ ಹಾಕಿ.

ಅದನ್ನು ಜೇಬಿನಲ್ಲಿಟ್ಟುಕೊಂಡು ಮೂರು ದಿನ ಓಡಾಡಿ. ಮೆಟ್ಟಿಲು ಹತ್ತಿ, ಬೈಕ್ ಓಡಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ತೆಳು ಬಟ್ಟೆಯ ಪ್ಯಾಂಟು, ಪೈಜಾಮದಲ್ಲಿ 100 ಗ್ರಾಂ ದಾಟಿದ್ದು ನಡೆಯುವಾಗ ತೊಡೆಗೆ ಬಡಿಯುತ್ತದೆ, ಜೀನ್ಸಿನಲ್ಲಿ ಅದೇ ತೂಕ ಅಷ್ಟಾಗಿ ಗೊತ್ತಾಗದು. ಅಂಗಿಯ ಎದೆಜೇಬಿಗೆ 50 ಗ್ರಾಂ ಮೇಲಿನದು ಬಗ್ಗಿದಾಗ ಜಾರಿ ಬೀಳುತ್ತದೆ. ಎರಡನೇ ದಿನ ರಟ್ಟಿನ ತುಂಡನ್ನು ತೆಗೆದು ಮೇಜಿನ ಮೇಲೆ ಇಡಬೇಕೆನಿಸಿದರೆ ಪಟ್ಟಿಯಲ್ಲಿ ಅದರ ಮೇಲಿನ, ಇನ್ನೂ ಹಗುರವಾದ ಚಾಕುವಿಗೆ ಮಾದರಿ ಮಾಡಿ.